ಹಿಂದಿನ ಶಾಕ್‌ಗೆ ಯಾವ ಸ್ಪ್ರಿಂಗ್? ಟೇಪ್ ಹಿಡಿದು ಅಳೆದು ನೋಡಿ

ಡಬಲ್ಸ್ ಕೂತು, ಹಿಂದೆ ಬ್ಯಾಗ್ ಕಟ್ಟಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಗುಂಡಿಗೆ ಬಿದ್ದರೆ ಬೈಕಿನ ಹಿಂದಿನ ಶಾಕ್ ತಳ ಕುಟ್ಟುತ್ತದೆ. ಗ್ಯಾರೇಜಿನಲ್ಲಿ ಹೇಳಿಕೊಂಡರೆ ಶಾಕ್ ಮೇಲಿನ ರಿಂಗ್ ತಿರುಗಿಸಿ ‘ಟೈಟ್’ ಮಾಡಿ ಕಳಿಸುತ್ತಾರೆ. ಗಾಡಿಯ ಹಿಂಭಾಗ ಮೇಲೇಳುತ್ತದೆ, ನಾಲ್ಕು ದಿನ ಪರವಾಗಿಲ್ಲ ಅನಿಸುತ್ತದೆ. ಆದರೆ ಆ ರಿಂಗ್, ಅಂದರೆ ಪ್ರೀಲೋಡ್, ಸ್ಪ್ರಿಂಗನ್ನು ಗಡಸು ಮಾಡುವುದೇ ಇಲ್ಲ. ಸ್ಪ್ರಿಂಗಿನ ಗಡಸು ನಿರ್ಧಾರವಾಗುವುದು ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯಿಂದ. ಪ್ರೀಲೋಡ್ ಬದಲಿಸುವುದು ಗಾಡಿ ನಿಲ್ಲುವ ಎತ್ತರವನ್ನು ಮಾತ್ರ. ಶಾಕ್ ಬದಲಿಸಲು ಹೊರಟವರು ಇದೊಂದನ್ನು ತಿಳಿದುಕೊಂಡರೂ ಬೇಡದ ಖರ್ಚು ತಪ್ಪುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಗಾಡಿ ಹಳೆಯದಾದಂತೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಎನ್ನುತ್ತಾರೆ. ಉಕ್ಕಿನ ಸ್ಪ್ರಿಂಗ್ ವರ್ಷಗಳಲ್ಲಿ ಕೊಂಚ ಗಿಡ್ಡವಾಗಬಹುದು, ಗಡಸು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಸೋಲುವುದು ಶಾಕಿನೊಳಗಿನ ಎಣ್ಣೆ ಮತ್ತು ಸೀಲ್. ಸೀಟಿನ ಹಿಂಭಾಗವನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಸ್ಪ್ರಿಂಗ್ ಹುಡುಕುವ ಮೊದಲು ಶಾಕ್ ರಿಪೇರಿ ಮಾಡಿಸಿ.

ಎರಡು ಸ್ಯಾಗ್, ಒಂದು ಉತ್ತರ

ಭಾರ ಬಿದ್ದಾಗ ಗಾಡಿ ಎಷ್ಟು ತಗ್ಗುತ್ತದೆ ಎಂಬ ಅಳತೆಗೆ ಸ್ಯಾಗ್ ಎನ್ನುತ್ತಾರೆ. ಅಳೆಯಲು ಒಂದು ಟೇಪ್ ಮತ್ತು ಮೂವರು ಸಾಕು. ಮೊದಲು ಹಿಂದಿನ ಚಕ್ರ ನೆಲ ಬಿಟ್ಟು ನೇತಾಡುವಂತೆ ಗಾಡಿಯನ್ನು ಎತ್ತಿ ನಿಲ್ಲಿಸಿ. ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿದ ಜಾಗದವರೆಗೆ ಅಳೆದು ಬರೆದಿಡಿ. ಆಮೇಲೆ ಗಾಡಿಯನ್ನು ಚಕ್ರಗಳ ಮೇಲೆ ನೆಟ್ಟಗೆ ನಿಲ್ಲಿಸಿ ಅದೇ ಅಳತೆ. ಕೊನೆಗೆ ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕಿಕೊಂಡು ನೀವು ಕೂತಾಗ ಮತ್ತೊಮ್ಮೆ. ಆಗ ಒಬ್ಬರು ಮುಂದೆ ಹ್ಯಾಂಡಲ್ ಹಿಡಿದಿರಲಿ, ಇನ್ನೊಬ್ಬರು ಅಳೆಯಲಿ. ಸೀಲುಗಳ ಘರ್ಷಣೆಯಿಂದ ಅಳತೆ ಪ್ರತಿ ಸಲ ಸ್ವಲ್ಪ ಬೇರೆ ಬರುತ್ತದೆ. ಹಾಗಾಗಿ ಒಮ್ಮೆ ಒತ್ತಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು ಎರಡರ ಸರಾಸರಿ ತೆಗೆದುಕೊಳ್ಳಿ.

ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಗಾಡಿಯ ಸ್ಯಾಗ್, ಮೂರನೆಯದನ್ನು ಕಳೆದರೆ ಸವಾರರ ಸ್ಯಾಗ್. ರಸ್ತೆ ಗಾಡಿಗಳಿಗೆ ಸವಾರರ ಸ್ಯಾಗ್ ಚಕ್ರದ ಒಟ್ಟು ಚಲನೆಯ ಶೇ. 30ರ ಆಸುಪಾಸು, ಗಾಡಿಯ ಸ್ಯಾಗ್ ಶೇ. 10ರ ಆಸುಪಾಸು ಇರಬೇಕು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಹಿಂದಿನ ಚಕ್ರದ ಚಲನೆ 180 ಮಿ.ಮೀ., ಅಂದರೆ ಸವಾರರ ಸ್ಯಾಗ್ 54 ಮಿ.ಮೀ. ಅದೇ ಕಂಪನಿಯ ಇಂಟರ್‌ಸೆಪ್ಟರ್ 650ಯಲ್ಲಿ ಚಲನೆ ಬರೀ 88 ಮಿ.ಮೀ., ಹಾಗಾಗಿ 26 ಸಾಕು.

ಈಗ ಪ್ರೀಲೋಡ್ ರಿಂಗ್ ತಿರುಗಿಸಿ ಸವಾರರ ಸ್ಯಾಗನ್ನು ಈ ಗುರಿಗೆ ತನ್ನಿ. ಆಮೇಲೆ ಗಾಡಿಯಿಂದ ಇಳಿದು ಗಾಡಿಯ ಸ್ಯಾಗನ್ನು ಮತ್ತೆ ಅಳೆಯಿರಿ. ಸ್ಪ್ರಿಂಗ್ ನಿಮಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುವುದು ಇಲ್ಲಿ, ಅನೇಕರು ಎಡವುವುದೂ ಇಲ್ಲೇ. ಗಾಡಿ ತನ್ನ ಭಾರಕ್ಕೆ ತಗ್ಗುವುದೇ ಇಲ್ಲ ಎಂದಾದರೆ ಸ್ಪ್ರಿಂಗ್ ಗಡಸು ಎಂದುಕೊಳ್ಳಬೇಡಿ, ಅದು ಮೆದು. ನಿಮ್ಮನ್ನು ಹೊರಲು ಅದಕ್ಕೆ ವಿಪರೀತ ಪ್ರೀಲೋಡ್ ಬೇಕಾಗಿದೆ, ಅದಕ್ಕೇ ಖಾಲಿ ಗಾಡಿ ತುದಿಗೆ ಏರಿ ನಿಂತಿದೆ. ಗಾಡಿಯ ಸ್ಯಾಗ್ ಹೆಚ್ಚಾಗಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಗಡಸಾಯಿತು.

ಎಷ್ಟು ಗಡಸಿನದು ಬೇಕು ಎಂಬುದೂ ಇದೇ ಅಂಕಿಗಳಲ್ಲಿದೆ. ಎರಡು ಸ್ಯಾಗ್‌ಗಳ ನಡುವಿನ ವ್ಯತ್ಯಾಸ ನಿಮ್ಮ ತೂಕಕ್ಕೆ ಗಾಡಿ ತಗ್ಗುವ ಪ್ರಮಾಣ, ಅದರಲ್ಲಿ ಪ್ರೀಲೋಡಿನ ಪಾತ್ರವಿಲ್ಲ. ಹಿಮಾಲಯನ್ನಿನಂಥ ಗಾಡಿಯಲ್ಲಿ ಸವಾರರ ಸ್ಯಾಗ್ 54, ಗಾಡಿಯದು 10 ಬಂತು ಎಂದುಕೊಳ್ಳಿ. ವ್ಯತ್ಯಾಸ 44. ನಮಗೆ ಬೇಕಾದ್ದು 54 ಮತ್ತು 16, ವ್ಯತ್ಯಾಸ 38. 44ನ್ನು 38ರಿಂದ ಭಾಗಿಸಿದರೆ 1.16. ಈಗಿನ ಸ್ಪ್ರಿಂಗ್ ಮಿಲಿಮೀಟರಿಗೆ 90 ನ್ಯೂಟನ್ ಆಗಿದ್ದರೆ ಹೊಸದು ಸುಮಾರು 104, ಅಂಗಡಿಯಲ್ಲಿ 105 ಕೇಳಿ. ಗಾಡಿಯ ಸ್ಯಾಗ್ ಸೊನ್ನೆಯಾಗಿದ್ದರೆ ಈ ಲೆಕ್ಕ ತಪ್ಪುತ್ತದೆ, ಪ್ರೀಲೋಡ್ ಸಡಿಲಿಸಿ ಮತ್ತೆ ಅಳೆಯಿರಿ. ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿರುವ ಪ್ರೋಗ್ರೆಸಿವ್ ಸ್ಪ್ರಿಂಗ್ ಆದರೆ ಇದನ್ನು ಅಂದಾಜು ಎಂದಷ್ಟೇ ನೋಡಿ.

ಕೆಲವು ಸ್ಪ್ರಿಂಗ್‌ಗಳ ಮೇಲೆ ಕೆ.ಜಿ. ಅಥವಾ ಪೌಂಡ್ ಲೆಕ್ಕ ಇರುತ್ತದೆ. ಮಿಲಿಮೀಟರಿಗೆ 1 ಕೆ.ಜಿ. ಎಂದರೆ 9.8 ನ್ಯೂಟನ್, ಇಂಚಿಗೆ 56 ಪೌಂಡ್.

ಬೇರೆ ಗಾಡಿಯ ಶಾಕ್ ಹಾಕುವವರಿಗೆ

ಶಿವಾಜಿನಗರದ ಗುಜರಿಯಲ್ಲಿ ದೊಡ್ಡ ಬೈಕಿನ ಒಳ್ಳೆಯ ಶಾಕ್ ಸಿಕ್ಕಿತು, ಕಣ್ಣಿಂದ ಕಣ್ಣಿಗೆ ಉದ್ದವೂ ಸರಿಹೋಯಿತು ಎಂದಿಟ್ಟುಕೊಳ್ಳಿ. ಅದರ ಸ್ಪ್ರಿಂಗ್ ನಿಮ್ಮ ಗಾಡಿಗೆ ಸರಿಹೋಗುತ್ತದೆ ಎಂಬ ಭರವಸೆ ಇಲ್ಲ. ಚಕ್ರ 180 ಮಿ.ಮೀ. ಚಲಿಸಿದಾಗ ಶಾಕ್ 60 ಮಿ.ಮೀ. ಒತ್ತಿದರೆ ಅನುಪಾತ 3. ಚಕ್ರದ ಬಳಿ ಸ್ಪ್ರಿಂಗಿನ ಗಡಸು ಈ ಅನುಪಾತದ ವರ್ಗದಷ್ಟು, ಅಂದರೆ ಒಂಬತ್ತು ಪಟ್ಟು ತಗ್ಗುತ್ತದೆ. 90ರ ಸ್ಪ್ರಿಂಗ್ ಅಲ್ಲಿ 10 ಮಾತ್ರ. ಅದೇ ಸ್ಪ್ರಿಂಗನ್ನು ಅನುಪಾತ 2.5 ಇರುವ ಗಾಡಿಗೆ ಹಾಕಿದರೆ 14.4 ಆಗುತ್ತದೆ, ಶೇ. 44ರಷ್ಟು ಹೆಚ್ಚು. ಎರಡು ಶಾಕ್‌ಗಳ ಗಾಡಿಯ ಅಂಕಿಯನ್ನು ಮೋನೋಶಾಕ್ ಅಂಕಿಯೊಂದಿಗೆ ಹೋಲಿಸಬಾರದು ಎನ್ನುವುದಕ್ಕೂ ಇದೇ ಕಾರಣ.

ಸ್ಪ್ರಿಂಗ್ ಮೇಲೆ ಏನೂ ಬರೆದಿಲ್ಲವೇ? ವರ್ನಿಯರ್ ಹಿಡಿದು ಮಿ.ಮೀ.ನಲ್ಲಿ ಅಳೆದು ಲೆಕ್ಕ ಹಾಕಬಹುದು. ತಂತಿಯ ದಪ್ಪದ ನಾಲ್ಕನೇ ಘಾತವನ್ನು 78,500ರಿಂದ ಗುಣಿಸಿ. ಸುರುಳಿಯ ಹೊರ ವ್ಯಾಸದಲ್ಲಿ ತಂತಿಯ ದಪ್ಪ ಕಳೆದು, ಬಂದ ಅಂಕಿಯ ಘನವನ್ನು ಕೆಲಸ ಮಾಡುವ ಸುತ್ತುಗಳ ಸಂಖ್ಯೆಯಿಂದಲೂ 8ರಿಂದಲೂ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 12 ಮಿ.ಮೀ. ತಂತಿ, 70 ಮಿ.ಮೀ. ಸರಾಸರಿ ವ್ಯಾಸ, 6 ಸುತ್ತು ಇದ್ದರೆ ಉತ್ತರ ಸುಮಾರು 99. ತಂತಿಯ ಅಳತೆ ಅರ್ಧ ಮಿಲಿಮೀಟರ್ ಹೆಚ್ಚಾದರೆ ಉತ್ತರ 116ಕ್ಕೆ ಜಿಗಿಯುತ್ತದೆ. ಆದ್ದರಿಂದ ಬಣ್ಣ ಕೆರೆದು ಅಳೆಯಿರಿ. ಸ್ಪ್ರಿಂಗ್ ಟೆಸ್ಟರ್ ಇರುವ ವರ್ಕ್‌ಶಾಪ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಒಳ ವ್ಯಾಸ ಶಾಕಿನ ತಟ್ಟೆಗಳಿಗೆ ಕೂರಬೇಕು. ಸುತ್ತುಗಳು ಒಂದಕ್ಕೊಂದು ಅಂಟುವ ಮೊದಲು ಸ್ಪ್ರಿಂಗ್ ಒತ್ತಬಹುದಾದ ಅಂತರ, ಶಾಕಿನ ಚಲನೆ ಮತ್ತು ಪ್ರೀಲೋಡ್ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಿರಬೇಕು. ಗಾಡಿ ತಗ್ಗಿಸಲು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದು, ಸುತ್ತುಗಳ ಮಧ್ಯೆ ರಬ್ಬರ್ ತುರುಕುವುದು ಖಂಡಿತ ಬೇಡ. ಎರಡರಲ್ಲೂ ಸ್ಪ್ರಿಂಗ್ ಗಡಸಾಗುತ್ತದೆ, ಉಳಿದ ಸುತ್ತುಗಳ ಮೇಲೆ ಹೊರೆ ಬೀಳುತ್ತದೆ.

ಗಡಸು ಸ್ಪ್ರಿಂಗ್ ಹೆಚ್ಚು ಬಲದಿಂದ ಮರಳಿ ಹಿಗ್ಗುತ್ತದೆ. ಅದನ್ನು ತಡೆಯಲು ರಿಬೌಂಡ್ ಡ್ಯಾಂಪಿಂಗ್ ಕೂಡ ಹೆಚ್ಚಬೇಕು. ಶೇ. 10ರಷ್ಟು ಏರಿಕೆಗೆ ಹೊಂದಾಣಿಕೆಯ ಸ್ಕ್ರೂ ಸಾಕಾಗಬಹುದು. ಅದಕ್ಕಿಂತ ಬಹಳ ಹೆಚ್ಚಿದರೆ ಶಾಕ್ ಬಿಚ್ಚಿ ಒಳಗಿನ ವಾಲ್ವ್ ಬದಲಿಸಬೇಕು. ಅದಕ್ಕೆ ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಲೆಕ್ಕಕ್ಕಿಂತ ಒಂದು ಹಂತ ಮೆದು ಸ್ಪ್ರಿಂಗನ್ನೇ ಆರಿಸಿ. ಡ್ಯಾಂಪಿಂಗ್ ಸಾಲದ ಗಡಸು ಸ್ಪ್ರಿಂಗಿಗಿಂತ ಅದು ತಿರುವಿನಲ್ಲಿ ಸುರಕ್ಷಿತ.

ಅಳೆಯುವಾಗ ವರ್ಷಕ್ಕೊಮ್ಮೆ ಹೋಗುವ ಲಡಾಖಿನ ಲಗೇಜು ಲೆಕ್ಕಕ್ಕೆ ಬೇಡ. ಹೆಚ್ಚು ದಿನ ಹೇಗೆ ಓಡಿಸುತ್ತೀರೋ ಆ ಭಾರಕ್ಕೆ ಸ್ಪ್ರಿಂಗ್ ಆರಿಸಿ, ಉಳಿದದ್ದಕ್ಕೆ ಪ್ರೀಲೋಡ್ ಇದೆ. ಹೊಸದನ್ನು ಕೂರಿಸಿದ ಮೇಲೆ ಎರಡೂ ಸ್ಯಾಗ್ ಮತ್ತೆ ಅಳೆಯಿರಿ. ಒತ್ತಿ ಹಿಡಿದ ಸ್ಪ್ರಿಂಗ್ ಸಿಡಿದರೆ ಮೂಳೆ ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.