ಬಾಂದುಕಲ್ಲು ಮತ್ತು ಪಕ್ಕದ ಹೊಲದವರು

ವಾಕ್ಯಭಾಗ: ಆದಿಕಾಂಡ 26:12-31, 1 ಅರಸುಗಳು 21:1-3, ಧರ್ಮೋಪದೇಶಕಾಂಡ 19:14

ಸತ್ಯವೇದ ತೆಗೆದು ಆದಿಕಾಂಡ 26 ಇಟ್ಕೊಳ್ಳಿ. ಅದಕ್ಕೆ ಮುಂಚೆ ನಮ್ಮೂರಿನ ಒಂದು ವಿಷಯ ಹೇಳ್ತೀನಿ.

ನಮ್ಮೂರು ದರೋಜಿ. ಹಂಪಿಗೆ ಹೋದವರು ಅಲ್ಲಿನ ಕರಡಿಧಾಮ ನೋಡಿರ್ತೀರಿ, 1994ರಲ್ಲಿ ಘೋಷಣೆ ಆದದ್ದು. ಶೇಂಗಾ, ಮೆಕ್ಕೆಜೋಳ ಬರೋ ಹೊತ್ತಿಗೆ ರಾತ್ರಿ ಕರಡಿ ಹೊಲಕ್ಕೆ ಇಳಿಯುತ್ತೆ, ತಿಂದು ತುಳಿದು ಹೋಗುತ್ತೆ. ನಮ್ಮಪ್ಪ ಬೆಳಿಗ್ಗೆ ಬೈತಿದ್ರು, ಮಧ್ಯಾಹ್ನಕ್ಕೆ ಮರೀತಿದ್ರು. ಆದ್ರೆ ಪಕ್ಕದ ಹೊಲದವರು ಒಂದು ಸಾಲು ಒಳಗೆ ಬಂದ್ರೆ ಮೂರು ದಿನ ನಿದ್ದೆ ಇಲ್ಲ. ಯಾಕೆ? ಕರಡಿಗೆ ಬದು ಗೊತ್ತಿಲ್ಲ. ಮನುಷ್ಯನಿಗೆ ಗೊತ್ತು. ಗೊತ್ತಿದ್ದೂ ದಾಟಿದ ಅನ್ನೋದೇ ಹೊಟ್ಟೆಯೊಳಗೆ ಉರಿ.

ಆ ಪಕ್ಕದ ಹೊಲದವರನ್ನ ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆದವನು. ಪ್ರತಿ ಮುಂಗಾರಿಗೆ ಅವರ ಟ್ರ್ಯಾಕ್ಟರ್ ಬದುವನ್ನ ಸ್ವಲ್ಪ ಸ್ವಲ್ಪ ತಿಂತಾ ಬಂತು. ಬಾಂದುಕಲ್ಲು ಒಂದು ವರ್ಷ ವಾಲಿತ್ತು, ಮುಂದಿನ ವರ್ಷ ಕಾಣಲೇ ಇಲ್ಲ. ನಾನು ಬೆಂಗಳೂರಿನಿಂದ ಹೋಗಿ ಕೇಳಿದೆ. ಅವರು ನಕ್ಕರು: "ಏನಪಾ, ಬೆಂಗ್ಳೂರಾಗ ನೌಕ್ರಿ ಮಾಡಾವಗ ಈ ಎರಡು ಸಾಲಿನ ಚಿಂತಿ ಯಾಕ?"

ಆ ನಗು ನನ್ನ ಜೊತೆ ಬೆಂಗಳೂರಿಗೆ ಬಂತು. ಆರಾಧನೆಯಲ್ಲಿ ಕೈ ಎತ್ತಿದ್ರೂ ಅದೇ ನಗು. ಕರ್ತನ ಮೇಜಿನ ಭಾನುವಾರ ಪಾತ್ರೆ ನನ್ನ ಹತ್ತಿರ ಬಂದಾಗ ಪಕ್ಕದವರಿಗೆ ದಾಟಿಸಿಬಿಟ್ಟೆ. ಎರಡು ಗುಂಟೆ ಹೋದದ್ದು ಹೊಲದಲ್ಲಿ, ಪ್ರಿಯರೇ. ನನ್ನ ಎದೆಯಲ್ಲಿ ಎಷ್ಟು ಎಕರೆ ಹೋಗಿತ್ತು ಗೊತ್ತಾ?

1. ಬಿಡೋದು ಯಾವುದು, ಕಾಯೋದು ಯಾವುದು?

ಇಸಾಕನ ಕಥೆ ನೋಡಿ. ಅವನ ಸೇವಕರು ಬಾವಿ ತೋಡಿದ್ರು, ಗೆರಾರಿನ ಕುರುಬರು ನೀರು ನಮ್ಮದು ಅಂದ್ರು. ಇಸಾಕ ಅದಕ್ಕೆ ಏಸೆಕ್ ಅಂತ ಹೆಸರಿಟ್ಟು ಮುಂದೆ ಹೋದ. ಇನ್ನೊಂದು ತೋಡಿದ, ಅದಕ್ಕೂ ಜಗಳ, ಸಿಟ್ನಾ. ಮೂರನೆಯದಕ್ಕೆ ಯಾರೂ ಬರಲಿಲ್ಲ, ರೆಹೋಬೋತ್. ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ "ಬಿಟ್ಟುಬಿಡು ಬ್ರದರ್" ಅಂತೀವಿ.

ಆದ್ರೆ ನಾಬೋತನ ಕಥೆಯೂ ಸತ್ಯವೇದದಲ್ಲೇ ಇದೆ. ಅರಸನೇ ಬಂದು ದ್ರಾಕ್ಷಿತೋಟ ಕೇಳಿದ, ಬದಲಿ ತೋಟ ಕೊಡ್ತೀನಿ, ಇಲ್ಲಾ ಹಣ ಕೊಡ್ತೀನಿ ಅಂದ. ನಾಬೋತ ಒಪ್ಪಲಿಲ್ಲ. ಇವನಿಗೆ ನಂಬಿಕೆ ಕಡಿಮೆ ಇತ್ತಾ? ಇಲ್ಲ. ಅದು ಪಿತೃಗಳ ಸ್ವಾಸ್ತ್ಯ. ಅವನೊಬ್ಬನೇ ಕೊಟ್ಟುಬಿಡುವಂಥದ್ದಲ್ಲ.

ಇಸಾಕ ಬಿಟ್ಟದ್ದು ತಾನು ಮತ್ತೆ ತೋಡಬಹುದಾದ ಬಾವಿ. ನಾಬೋತ ಕಾದದ್ದು ತನ್ನ ನಂತರದವರದೂ ಆಗಿದ್ದ ತೋಟ. ಹಾಗಾಗಿ ಮೊದಲು ಕೇಳ್ಕೋಬೇಕಾದ ಪ್ರಶ್ನೆ: ಇದು ನನ್ನೊಬ್ಬನದಾ? ಅಪಾರ್ಟ್‌ಮೆಂಟಿನಲ್ಲಿ ನಿನ್ನ ಪಾರ್ಕಿಂಗ್ ಜಾಗದಲ್ಲಿ ಯಾರೋ ಒಂದು ದಿನ ಗಾಡಿ ನಿಲ್ಲಿಸಿದ್ರೆ ಬಿಡು, ಏನೂ ಆಗಲ್ಲ. ಆದ್ರೆ ಊರಿನ ಹೊಲದಲ್ಲಿ ಅಪ್ಪನ ಬೆವರಿದೆ, ಅಮ್ಮನ ಔಷಧದ ದುಡ್ಡಿದೆ, ಅಕ್ಕನ ಪಾಲಿದೆ. ಅವರ ಪಾಲನ್ನ ಬಿಟ್ಟುಕೊಟ್ಟು ನಾನು ತ್ಯಾಗ ಮಾಡಿದೆ ಅಂದ್ರೆ ಅದು ತ್ಯಾಗ ಅಲ್ಲ.

2. ಅಳೆಯದೆ ಬೈಬೇಡ

ಬಾಂದುಕಲ್ಲು ಸರಿಸಬಾರದು ಅಂತ ಮೋಶೆಯ ಧರ್ಮಶಾಸ್ತ್ರ ಖಂಡಿತವಾಗಿ ಹೇಳುತ್ತೆ. ಸಂಡೂರು-ಬಳ್ಳಾರಿ ಸೀಮೆಯವರಿಗೆ ಇದು ಬರೀ ಪಾಠ ಅಲ್ಲ. ಗಣಿಗಾರಿಕೆಯ ದಿನಗಳಲ್ಲಿ ಕರ್ನಾಟಕ-ಆಂಧ್ರ ಗಡಿಯ ಗುರುತುಗಳೇ ಅಳಿಸಿಹೋದವು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಅದಿರು ತೆಗೆಯೋದನ್ನ ನಿಲ್ಲಿಸಿತು. ಗಡಿ ಎಲ್ಲಿ ಅಂತ ಸರ್ವೆ ಆಫ್ ಇಂಡಿಯಾದವರು ಮತ್ತೆ ಅಳೀಬೇಕಾಯ್ತು. ಎರಡು ರಾಜ್ಯಗಳಿಗೇ ಅಳತೆ ಬೇಕಾಯ್ತು ಅಂದ್ಮೇಲೆ ನಮಗೆ ಬೇಡವಾ?

ನಮ್ಮಪ್ಪ ಹದ್ದುಬಸ್ತಿಗೆ ಅರ್ಜಿ ಹಾಕಿದ್ರು. ಪಹಣಿ, ಸರ್ವೆ ನಂಬರು ಇಟ್ಕೊಂಡು ಯಾವ ರೈತನಾದ್ರೂ ಹಾಕಬಹುದು. ಅಕ್ಕಪಕ್ಕದವರಿಗೂ ನೋಟಿಸ್ ಹೋಗುತ್ತೆ, ಎಲ್ಲರ ಮುಂದೆಯೇ ಅಳತೆ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಅಳತೆ ಮುಗಿದಾಗ ಗೊತ್ತಾಯ್ತು, ಮಾವ ಎರಡು ಗುಂಟೆ ಒಳಗೆ ಬಂದಿದ್ದಾರೆ. ನನಗೆ ಖುಷಿ! ಅಷ್ಟರಲ್ಲಿ ಸರ್ವೇಯರ್ ಆ ಕಡೆ ತಿರುಗಿ ಹೇಳಿದ್ರು, "ನಿಮ್ ಬೇಲಿನೂ ಬಂಡಿದಾರಿಯೊಳಗ ನಾಲ್ಕು ಅಡಿ ಐತಲ್ರಿ."

ನಾನು ನೆಲ ನೋಡಿದೆ. ಅಪ್ಪ ಒಂದೇ ಮಾತು ಅಂದ್ರು: "ಮೊದ್ಲು ನಮ್ಮ ಬೇಲಿ ಕೀಳು." ಅವತ್ತೇ ಸಂಜೆ ಕಿತ್ತೆವು. ಮಾವ ತಮ್ಮ ಬದುವಿನ ಮೇಲೆ ನಿಂತು ನೋಡ್ತಾ ಇದ್ರು.

3. ಸತ್ಯ ಹೇಳು, ಆಮೇಲೆ ಊಟಕ್ಕೆ ಕರಿ

ಮತ್ತಾಯ 18:15ರ ಕ್ರಮ ಗೊತ್ತಲ್ಲ? ಮೊದಲು ಒಬ್ಬನೇ ಹೋಗು, ಕೇಳದಿದ್ರೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗು. ಅದು ಸಭೆಯ ಸಹೋದರರಿಗೆ ಹೇಳಿದ ಮಾತು, ಆದ್ರೆ ಆ ಕ್ರಮ ಯಾವ ಬೀದಿಗೂ ಒಳ್ಳೆಯದು. ನಾವು ನಕ್ಷೆ ಹಿಡ್ಕೊಂಡು ಇಬ್ಬರು ಹಿರಿಯರ ಜೊತೆ ಹೋದೆವು. ಮಾವ ಕೇಳಿದ್ದು ಒಂದೇ, ನಿಂತ ಬೆಳೆ ಕುಯ್ಯೋವರೆಗೂ ಟೈಮ್ ಕೊಡ್ರಿ. ಕೊಟ್ಟೆವು, ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು.

ಕಾಗದ ಯಾಕೆ ಬ್ರದರ್, ನಂಬಿಕೆ ಇಲ್ವಾ ಅಂತೀರಾ? 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಖಾಸಗಿ ಜಮೀನನ್ನ ಇನ್ನೊಬ್ಬರು ತಮ್ಮದೇ ಅಂತ ಬಹಿರಂಗವಾಗಿ 12 ವರ್ಷ ಅನುಭವಿಸಿದ್ರೆ, ಮಾಲೀಕ ಸುಮ್ಮನೇ ಕೂತಿದ್ರೆ, ಅವನು ಹಕ್ಕನ್ನೇ ಕಳ್ಕೋಬಹುದು. ಮೌನ ಯಾವಾಗಲೂ ಸಾತ್ವಿಕತೆ ಅಲ್ಲ. ಸರ್ವೇಯರ್ ಗಡಿ ತೋರಿಸ್ತಾರೆ ಅಷ್ಟೇ, ಒತ್ತುವರಿ ಬಿಡಿಸಲು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಅದಕ್ಕೂ ಮುಂಚೆ ಲೋಕ ಅದಾಲತ್ ಇದೆ, ಅಲ್ಲಿ ಇಬ್ಬರೂ ಒಪ್ಪಿದ ರಾಜಿಗೆ ಕೋರ್ಟ್ ಡಿಕ್ರಿಯ ಬಲ ಇರುತ್ತೆ. ಪೌಲನೇ ಕೈಸರನಿಗೆ ಮೊರೆ ಇಟ್ಟ. ಕಾನೂನು ಬಳಸು, ಆದ್ರೆ ದ್ವೇಷ ತೀರಿಸೋಕೆ ಬಳಸಬೇಡ. ರಾತ್ರೋರಾತ್ರಿ ಕಲ್ಲು ಕಿತ್ತು ನೆಡಬೇಡ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಅವರ ಮಾನ ಕಳೀಬೇಡ.

26ನೇ ಅಧ್ಯಾಯದ ಕೊನೆ ನೋಡಿ. ಅಬೀಮೆಲೆಕ ಇಸಾಕನ ಹತ್ತಿರ ಬಂದ. ಇಸಾಕ ಏನೂ ಆಗಿಲ್ಲ ಅನ್ನೋ ಹಾಗೆ ನಟಿಸಲಿಲ್ಲ. ನನ್ನನ್ನ ದ್ವೇಷಿಸಿ ಹೊರಗೆ ಹಾಕಿದವರು ಈಗ ಯಾಕೆ ಬಂದ್ರಿ ಅಂತ ನೇರವಾಗಿ ಕೇಳಿದ. ಆಮೇಲೆ ಔತಣ ಮಾಡಿಸಿದ. ಮೊದಲು ಸತ್ಯ, ಆಮೇಲೆ ಊಟ. ನಾವು ಎಷ್ಟೋ ಸಲ ಸತ್ಯ ಬಿಟ್ಟು ಬರೀ ನಗ್ತೀವಿ, ಇಲ್ಲಾ ಸತ್ಯ ಹೇಳಿ ಜೀವಮಾನವಿಡೀ ಊಟ ಬಿಡ್ತೀವಿ.

ಮಾವ ಬೆಳೆ ಕುಯ್ದರು, ಬದು ಮತ್ತೆ ಕಟ್ಟಿದೆವು. ಅವರು ಕ್ಷಮೆ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಆದ್ರೆ ಹೋದ ಸಲ ರಾತ್ರಿ ಕರಡಿ ಬಂದಾಗ ಅಪ್ಪನಿಗೆ ಮೊದಲು ಫೋನ್ ಮಾಡಿದವರು ಅವರೇ. "ಹೊಲದ ಕಡೆ ಒಬ್ಬನಾ ಬರಬ್ಯಾಡ, ನಾನೂ ಬರ್ತೀನಿ" ಅಂದ್ರಂತೆ.

ರೋಮಾಪುರ 12:18ರಲ್ಲಿ ಪೌಲ ನಮ್ಮಿಂದ ಆಗುವಷ್ಟು ಮಾತ್ರ ಕೇಳ್ತಾನೆ. ಅವರಿಂದ ಆಗಬೇಕಾದದ್ದು ನಿನ್ನ ಲೆಕ್ಕದಲ್ಲಿ ಇಲ್ಲ. ಮುಂದಿನ ತಿಂಗಳು ಪಾತ್ರೆ ಬಂದಾಗ ನಾನು ದಾಟಿಸಲಿಲ್ಲ.

ಕಣ್ಣು ಮುಚ್ಚೋಣ. ನಿನ್ನ ಎದೆಯೊಳಗೆ ಯಾವ ನೆರೆಯವನ ನಗು ಕೂತಿದೆ? ಅವರ ಹೆಸರು ಹೇಳಿ ಪ್ರಾರ್ಥಿಸು. ಹಾಗೆಯೇ ಇನ್ನೊಂದು ಕೇಳು: ಕರ್ತನೇ, ನನ್ನ ಬೇಲಿ ಯಾರ ದಾರಿಯಲ್ಲಿದೆ, ತೋರಿಸು. ಈ ವಾರವೇ ಕೀಳೋಕೆ ಕೃಪೆ ಕೊಡು. ಆಮೆನ್.