ನೀರು ನಿಂತ ಹೊಲದ ಕಬ್ಬು

ಊರ ಬೀದಿಯಲ್ಲಿ ಕಬ್ಬಿನ ಹಾಲು ಕುಡಿಯುವ ನಮಗೆ ಕಬ್ಬೆಂದರೆ ನೀರಿನ ಬೆಳೆ. ಆದರೆ ನಿಂತ ನೀರು ಅದಕ್ಕೂ ಶತ್ರುವೇ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಬೇರಿಗೆ ಗಾಳಿ ದೊರೆಯದು; ಉಸಿರು ಕಟ್ಟಿದ ಬೇರು ಕೊಳೆಯುತ್ತದೆ, ಗರಿ ಹಳದಿಯಾಗುತ್ತದೆ. ಉತ್ತರ ಬಿಹಾರದ ತಗ್ಗು ಹೊಲಗಳಲ್ಲಿ ಇದು ಮಳೆಗಾಲದ ಮಾಮೂಲು ಸಂಕಟ.

ಕೆಲವು ಕಬ್ಬುಗಳು ಮಾತ್ರ ನೀರಿನೊಳಗಿನ ಗೆಣ್ಣುಗಳಿಂದ ಹೊಸ ಬೇರು ಬಿಟ್ಟು ಬದುಕುತ್ತವೆ. ಆ ಬೇರುಗಳೊಳಗೆ ಗಾಳಿಯಾಡುವ ಪೊಳ್ಳು ಹಾದಿಗಳಿರುತ್ತವೆ. ಹೊಳೆದಂಡೆಯ ಕಾಡುಕಬ್ಬಿಗೆ ಇಂಥ ತಾಳಿಕೆ ಸಹಜ. ಸಿಹಿ ಮಾತ್ರ ತೀರ ಕಡಿಮೆ. 1912ರಲ್ಲಿ ಕೊಯಮತ್ತೂರಿನಲ್ಲಿ ತೆರೆದ ಕಬ್ಬಿನ ತಳಿ ಕೇಂದ್ರದಲ್ಲಿ ಬಾರ್ಬರ್, ವೆಂಕಟರಾಮನ್ ಅವರು ಈ ಕಾಡುಕಬ್ಬನ್ನು ಸಿಹಿಕಬ್ಬಿನೊಡನೆ ಕೂಡಿಸಿದರು. ಹಾಗೆ ಹುಟ್ಟಿದ ಕೋ 205, 1918ರಲ್ಲಿ ರೈತರ ಕೈ ಸೇರಿತು.

ಇಂಥ ಸಂಕರವನ್ನು ಮತ್ತೆ ಮತ್ತೆ ಸಿಹಿಕಬ್ಬಿಗೆ ಕೂಡಿಸಿದಂತೆ ಸಕ್ಕರೆ ಏರುತ್ತದೆ. ಗಟ್ಟಿತನ ಕೈಬಿಡುವ ಭಯವೂ ಏರುತ್ತದೆ. ನಮ್ಮ ಮಟ್ಟಿಗೆ ತಳಿಗಾರನ ನಿಜವಾದ ಪರೀಕ್ಷೆ ಇದೇ. ಆರಿಸಿದ ಕಬ್ಬನ್ನು ನಿಂತ ನೀರಿನಲ್ಲಿ ಬೆಳೆಸಿ ತೂಕ, ರಸದ ಸಿಹಿ ಎರಡನ್ನೂ ಅಳೆಯಬೇಕು. ಒಂದು ತಳಿಗೆ ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ಬಿಹಾರದ ಬಿ. ಓ. 91, ಕರ್ನಾಟಕದ ರೈತರು ಬಲ್ಲ ಕೋ 62175 ನೀರು ತಾಳುವುದಕ್ಕೆ ಹೆಸರಾದವು.

ಆದರೂ ಎಳೆಯ ಪೈರು ಮುಳುಗಿದರೆ ತಳಿಯ ಬಲ ಸಾಲದು. ಮಳೆಗೆ ಮುಂಚೆ ಕಬ್ಬು ಎತ್ತರಕ್ಕೆ ಬರುವಂತೆ ಬೇಗ ನೆಡಬೇಕು.