ಕಾರಾಪುರದ ಸಾಬು: ಒಂದು ನಟಜೀವನದ ಅಧ್ಯಯನ

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ ಕಾರಾಪುರವೆಂಬ ಊರು ಹೊಸದಲ್ಲ. ಕಬಿನಿಯ ಹಿನ್ನೀರು, ಬೇಸಗೆಯಲ್ಲಿ ಅದರ ದಡಕ್ಕೆ ಹಿಂಡುಹಿಂಡಾಗಿ ಇಳಿದು ಬರುವ ಆನೆಗಳು, ಅವುಗಳನ್ನು ನೋಡಲು ದೂರದ ಊರುಗಳಿಂದ ಬರುವ ಸಿರಿವಂತರ ವಾಹನಗಳು, ಇಷ್ಟೇ ನಾನು ಬಲ್ಲ ಕಾರಾಪುರ. ಆ ಊರಿನ ಮಾವುತನ ಮಗನೊಬ್ಬನು ತನ್ನ ಹದಿಮೂರನೆಯ ವಯಸ್ಸಿಗೇ ಲಂಡನ್ನಿನಲ್ಲಿ ಮನೆಮಾತಾಗಿದ್ದನೆಂಬುದನ್ನು ನಾನು ತಿಳಿದುದು ಈ ಕಾಲೇಜಿಗೆ ಸೇರಿದ ಮೇಲೆ. ಅವನೇ ಸಾಬು. ವಲಸೆ ಹೋದ ನಟನೊಬ್ಬನಿಗೆ ಪರದೇಶವು ಏನನ್ನು ಕೊಡುತ್ತದೆ, ಏನನ್ನು ಕೊಡದೆ ಉಳಿಸಿಕೊಳ್ಳುತ್ತದೆ ಎಂಬುದನ್ನು ಅವನ ಚರಿತ್ರೆಯ ಮೂಲಕ ವಿಚಾರಿಸುವುದೇ ಈ ಲೇಖನದ ಉದ್ದೇಶ. ಅವನನ್ನು ಏಕವಚನದಲ್ಲಿ ಕರೆದುದಕ್ಕೆ ಹಿರಿಯರು ಕ್ಷಮಿಸಬೇಕು. ನಮ್ಮ ಕಡೆಯ ಹುಡುಗನೆಂಬ ಸಲಿಗೆಯೇ ಇದಕ್ಕೆ ಕಾರಣ.

ಸಾಬು ಹುಟ್ಟಿದುದು 1924ರ ಜನವರಿ 27ರಂದು. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಹುಡುಗನಿಗೆ ತಂದೆಯೂ ಬಹುಕಾಲ ಉಳಿಯಲಿಲ್ಲ. ಅಣ್ಣ ದಸ್ತಗೀರನೊಡನೆ ಅರಮನೆಯ ಆನೆಲಾಯವೇ ಅವನಿಗೆ ಆಸರೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆ ಕಾಲದಲ್ಲಿ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ನಡೆಯುತ್ತಿದ್ದುದನ್ನು ನಮ್ಮ ಕಡೆಯ ವೃದ್ಧರು ಇಂದಿಗೂ ಹೇಳಿಕೊಳ್ಳುತ್ತಾರೆ. 1971ರ ಅನಂತರ ಖೆಡ್ಡಾ ನಡೆಯಲಿಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಆ ಕಾಡಿನ ಬಹುಭಾಗ ನೀರಿನ ಪಾಲಾಯಿತು.

ಈ ಕಾಡಿಗೆ 1935ರಲ್ಲಿ ರಾಬರ್ಟ್ ಫ್ಲಹರ್ಟಿ ಎಂಬ ಅಮೆರಿಕದ ಚಿತ್ರಕಾರನು ಬಂದನು. ಹಿಮಪ್ರದೇಶದ ಎಸ್ಕಿಮೋ ಜನರನ್ನು ಕುರಿತು 1922ರಲ್ಲಿ ‘ನಾನೂಕ್’ ಚಿತ್ರವನ್ನು ತೆಗೆದು ಜಗತ್ಪ್ರಸಿದ್ಧನಾಗಿದ್ದವನು ಇವನು. ವೃತ್ತಿನಟರನ್ನು ಬಿಟ್ಟು, ಆಯಾ ನೆಲದ ಜನರಿಂದಲೇ ಅವರ ಬದುಕನ್ನು ಅಭಿನಯಿಸುವಂತೆ ಮಾಡುವುದು ಅವನ ಪದ್ಧತಿ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾನಿಗಾಗಿ ಕಿಪ್ಲಿಂಗನ ಆನೆಕತೆಯೊಂದನ್ನು ಚಿತ್ರಿಸಲು ಅವನಿಗೆ ಒಬ್ಬ ಹುಡುಗನು ಬೇಕಾಗಿದ್ದನು. ಆನೆಲಾಯದಲ್ಲಿ ಸಾಬು ದೊರೆತನು. ಫ್ಲಹರ್ಟಿಯ ಪತ್ನಿ ಫ್ರಾನ್ಸಿಸ್ ಮೈಸೂರಿನ ಆ ದಿನಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾಳೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಫ್ಲಹರ್ಟಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ನಿಂತು ಕಾಡು, ಆನೆ, ಖೆಡ್ಡಾಗಳನ್ನು ಮನದಣಿಯೆ ಚಿತ್ರಿಸಿದನು. ಕೊರ್ಡಾನಿಗಾದರೋ ಕತೆ ಬೇಕಾಗಿತ್ತು. ಕಡೆಗೆ ಅವನ ತಮ್ಮ ಜೋಲ್ಟನ್ ಕೊರ್ಡಾ ಲಂಡನ್ನಿನ ಬಳಿಯ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಕತೆಯ ಭಾಗಗಳನ್ನು ಚಿತ್ರಿಸಿ ಜೋಡಿಸಿದನು. 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಹೀಗೆ ಅರ್ಧ ಕಾಕನಕೋಟೆ, ಅರ್ಧ ಇಂಗ್ಲೆಂಡು. ವೆನಿಸ್ ಉತ್ಸವದಲ್ಲಿ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಬಂದಿತು. ಚಿತ್ರವನ್ನು ನೋಡಿದಾಗ ಈ ಎರಡು ಭಾಗಗಳ ನಡುವಣ ಹೊಲಿಗೆ ನನ್ನಂತಹವನ ಕಣ್ಣಿಗೂ ಕಾಣುತ್ತದೆ. ಅಲ್ಲಿನ ಮರಗಳು ನಮ್ಮ ಮರಗಳಲ್ಲ. ಆದರೆ ಸಾಬು ಎರಡು ಕಡೆಯೂ ಸಾಬುವೇ. ಚಿತ್ರೀಕರಣಕ್ಕಾಗಿ ಅಣ್ಣನೊಡನೆ ಹಡಗು ಹತ್ತಿದ ಹುಡುಗನು ಮತ್ತೆ ಈ ನೆಲದಲ್ಲಿ ನೆಲೆಸಲಿಲ್ಲ.

ಮುಂದಿನ ಐದು ವರ್ಷಗಳು ಅವನ ಉತ್ಕರ್ಷದ ಕಾಲ. 1938ರ ‘ದಿ ಡ್ರಮ್’ ವರ್ಣಚಿತ್ರದಲ್ಲಿ ಗಡಿನಾಡಿನ ರಾಜಕುಮಾರನಾದನು. ಸಾಮ್ರಾಜ್ಯಶಾಹಿಯ ಹೊಗಳಿಕೆಯೆಂದು ಆ ಚಿತ್ರಕ್ಕೆ ಮುಂಬಯಿಯಲ್ಲಿ ಪ್ರತಿಭಟನೆ ನಡೆಯಿತು, ನಡೆದುದು ಸರಿಯೇ. 1940ರ ‘ಥೀಫ್ ಆಫ್ ಬಾಗ್ದಾದ್’ ಯುದ್ಧದ ಕಾರಣದಿಂದ ಇಂಗ್ಲೆಂಡಿನಲ್ಲಿ ಮುಗಿಯಲಾರದೆ ಅಮೆರಿಕಕ್ಕೆ ಹೋಗಿ ಮುಗಿಯಿತು. ಸಾಬುವೂ ಅದರೊಡನೆ ಹೋದನು. ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ತಂತ್ರಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಈ ಚಿತ್ರದಲ್ಲಿ ಕಳ್ಳ ಅಬೂನಾಗಿ ಅವನು ತೋರಿರುವ ಲವಲವಿಕೆಯ ಮುಂದೆ ನಾಯಕನು ಮಂಕಾಗಿ ಕಾಣುತ್ತಾನೆ. ಭೂತವನ್ನು ಉಪಾಯದಿಂದ ಗೆಲ್ಲುವವನು ಅಬೂ, ಹಾರುವ ಕಂಬಳಿಯ ಮೇಲೆ ಬಂದು ಗೆಳೆಯನ ತಲೆ ಉಳಿಸುವವನು ಅಬೂ. ರಾಜಕುಮಾರಿ ಮಾತ್ರ ಗೆಳೆಯನಿಗೆ. ಅಬೂ ಮತ್ತೆ ಕಂಬಳಿಯೇರಿ ಎಲ್ಲಿಗೋ ಹಾರಿಹೋಗುತ್ತಾನೆ.

1942ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯ ಪಾತ್ರ. ಚಿತ್ರದ ಕಾಡು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಾಡು. ಭಾರತದ ಹಳ್ಳಿಯ ಬೇಟೆಗಾರ ಬುಲ್ದೇವನಾಗಿ ನಟಿಸಿದವನು ಮಾಲ್ಟಾ ದ್ವೀಪದ ಜೋಸೆಫ್ ಕಾಲೇಯಾ. ಅಂದಿನ ಪದ್ಧತಿಯೇ ಹಾಗೆ. ಮುಖಕ್ಕೆ ಕಂದುಬಣ್ಣ ಬಳಿದುಕೊಂಡವರೆಲ್ಲರೂ ಭಾರತೀಯರು. ಬಣ್ಣವನ್ನು ಬಳಿದುಕೊಳ್ಳಬೇಕಾಗಿಲ್ಲದ ಒಬ್ಬನೇ ಒಬ್ಬನಿಗೆ ದೊರೆಯುತ್ತಿದ್ದ ಪಾತ್ರಗಳಾದರೂ ಯಾವುವು? ಆನೆ ನಡೆಸುವವನು, ಕಳ್ಳ, ಕಾಡುಹುಡುಗ. ಆ ಬಳಿಕ ಯೂನಿವರ್ಸಲ್ ಸಂಸ್ಥೆಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಚಿತ್ರಗಳಲ್ಲಿ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್. ಸಾಬು ನಾಯಕನ ಬಂಟ. ವಯಸ್ಸು ಇಪ್ಪತ್ತಾದರೂ ಪರದೆಯ ಮೇಲೆ ಅವನು ‘ಹುಡುಗ’ನಾಗಿಯೇ ಉಳಿದನು.

ಸ್ವಂತದ ಮಾತೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಾನು ಓದಿದ ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವದ ನಾಟಕಗಳಾಗುತ್ತಿದ್ದುವು. ಮೂರು ವರ್ಷವೂ ನನಗೆ ಬೇಡನ ಪಾತ್ರ. ಮೂರನೆಯ ವರ್ಷ ಧೈರ್ಯ ಮಾಡಿ, “ಸಾರ್, ಈ ಸಲ ಮಂತ್ರಿಯ ಪಾತ್ರ ಕೊಡಿ, ಮಾತುಗಳೆಲ್ಲ ಬಾಯಿಪಾಠವಾಗಿವೆ” ಎಂದು ಕೇಳಿದೆನು. “ನಿನ್ನ ಮುಖಕ್ಕೆ ಬಿಲ್ಲೇ ಒಪ್ಪುತ್ತೆ ಕಣಯ್ಯ” ಎಂದು ಅವರು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆನು. ಸಾಬುವಿನ ಚಿತ್ರಗಳನ್ನು ಒಂದರಮೇಲೊಂದು ನೋಡುವಾಗ ಆ ನಗೆ ನನಗೆ ಮತ್ತೆ ಮತ್ತೆ ಕೇಳಿಸಿತು. ಪ್ರೇಕ್ಷಕರು ಪ್ರೀತಿಯಿಂದಲೇ ನಗುತ್ತಿದ್ದರು, ನಿಜ. ಆದರೆ ಪ್ರೀತಿಯಿಂದ ಹಾಕಿದ ಬೇಲಿಯೂ ಬೇಲಿಯೇ.

ಪೌರತ್ವದ ವಿಷಯವನ್ನೂ ನೋಡೋಣ. ಪಂಜಾಬಿನಿಂದ ಹೋಗಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ‘ಬಿಳಿಯರಲ್ಲ’, ಆದಕಾರಣ ಪೌರರಾಗಲಾರರು ಎಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ತೀರ್ಪಿತ್ತಿತ್ತು. ಭಾರತೀಯರಿಗೆ ಆ ಬಾಗಿಲು ಸಾಮಾನ್ಯವಾಗಿ ತೆರೆದುದು 1946ರ ಕಾಯಿದೆಯಿಂದ. ಅದೂ ವರ್ಷಕ್ಕೆ ನೂರೇ ಮಂದಿಯ ವಲಸೆಗೆ ಅವಕಾಶ. ಯುದ್ಧಕಾಲವು ಸಾಬುವಿಗೆ ಎರಡು ವರ್ಷ ಮೊದಲೇ, 1944ರಲ್ಲಿ, ಪೌರತ್ವವನ್ನು ತಂದಿತು. ಅಮೆರಿಕದ ವಾಯುದಳಕ್ಕೆ ಸೇರಿ, ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ, ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಬಾರಿ ಕಾದಾಟಕ್ಕೆ ಹಾರಿದನು. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವೂ ಬಂದಿತು. ಪರದೆಯ ಮೇಲೆ ಕಂಬಳಿಯಲ್ಲಿ ಹಾರಿದವನು ನಿಜವಾಗಿಯೂ ಹಾರಿದುದು ಹೀಗೆ.

ಯುದ್ಧ ಮುಗಿಸಿ ಬಂದವನನ್ನು ಚಿತ್ರರಂಗವು ಎಲ್ಲಿ ಕೂರಿಸಬೇಕೆಂದು ತಿಳಿಯದೆ ಹೋಯಿತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಒಂದು ಒಳ್ಳೆಯ ಅಪವಾದ. ಹಿಮಾಲಯದ ಕ್ರೈಸ್ತ ಮಠವೊಂದರ ಕತೆಯಾದ ಈ ಚಿತ್ರದ ಒಳನೋಟಗಳನ್ನೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದರು. ಹಿಮಪರ್ವತಗಳೆಲ್ಲ ಬಣ್ಣದಲ್ಲಿ ಬರೆದವು. ಇದರಲ್ಲಿ ಸಾಬು ಮೈತುಂಬ ರೇಷ್ಮೆ, ರತ್ನಗಳನ್ನು ಧರಿಸಿದ ಯುವ ರಾಜಪುತ್ರ. ಫ್ರೆಂಚ್, ಗಣಿತ ಕಲಿಯುವ ಆತುರದವನು. ಚಿತ್ರದ ಹೆಸರು ಅವನು ಪೂಸಿಕೊಳ್ಳುವ ಅತ್ತರಿನದು. ಪೌರಸ್ತ್ಯ ರಹಸ್ಯವೆಂದು ತೋರುವ ಆ ಪರಿಮಳವು ಲಂಡನ್ನಿನ ಅಂಗಡಿಯಿಂದ ತರಿಸಿದ್ದೆಂಬುದು ಚಿತ್ರದ ಸೊಗಸಾದ ಹಾಸ್ಯ. ಅವನ ಪ್ರೇಯಸಿ ಕಾಂಚಿಯಾಗಿ ನಟಿಸಿದವಳು ಮಾತ್ರ ಮತ್ತೆ ಬಣ್ಣ ಬಳಿದುಕೊಂಡ ಆಂಗ್ಲ ತರುಣಿ, ಜೀನ್ ಸಿಮನ್ಸ್. ಬೊಜ್ಜಿಲ್ಲದ ಮೈ, ಬೆಳ್ಳನೆಯ ನಗೆ ಎಂದಷ್ಟೇ ಸಾಬುವನ್ನು ಹೊಗಳುವ ವಿಮರ್ಶಕರು ಈ ಒಂದು ಚಿತ್ರವನ್ನಾದರೂ ಮತ್ತೊಮ್ಮೆ ನೋಡಬೇಕೆಂಬುದು ನನ್ನ ಅಭಿಪ್ರಾಯ. ಮಾತಿನ ಓಟದಲ್ಲಿ, ಕಣ್ಣಿನ ಸಂಕೋಚದಲ್ಲಿ ಬೆಳೆದ ನಟನೊಬ್ಬನು ಅಲ್ಲಿ ಕಾಣುತ್ತಾನೆ.

ಆದರೆ ಅಂತಹ ಪಾತ್ರ ಮತ್ತೆ ಬರಲಿಲ್ಲ. 1948ರಲ್ಲಿ ನಟಿ ಮರ್ಲಿನ್ ಕೂಪರಳೊಡನೆ ವಿವಾಹವಾಯಿತು, ಇಬ್ಬರು ಮಕ್ಕಳಾದರು. ಚಿತ್ರಗಳು ಕಿರಿದಾಗುತ್ತ ಬಂದುವು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ಕೊಟ್ಟನು. ಆನೆಲಾಯದಿಂದ ಹೊರಟವನು ಲೋಕವನ್ನು ಸುತ್ತಿ ಮತ್ತೆ ಆನೆಯ ಬಳಿಗೇ ಬಂದನು. ಇಟಲಿಯಲ್ಲಿ ವಿತ್ತೋರಿಯೋ ದೆ ಸೀಕಾನಂತಹ ಕಲಾವಿದನೊಡನೆ ನಟಿಸುವ ಅವಕಾಶ ದೊರೆತಾಗಲೂ ಆ 1952ರ ಚಿತ್ರದ ಹೆಸರಿನಲ್ಲಿ ಆನೆ ಇತ್ತು.

ಸ್ವದೇಶವಾದರೂ ಕರೆಯಿತೆ? ಕರೆಯಿತು. ‘ಮದರ್ ಇಂಡಿಯಾ’ ಚಿತ್ರದ ಬಿರ್ಜೂವಿನ ಪಾತ್ರಕ್ಕೆ ಮೆಹಬೂಬ್ ಖಾನರು ಮೊದಲು ಸಾಬುವನ್ನು ಯೋಚಿಸಿದ್ದರೆಂದೂ, ಇಲ್ಲಿ ದುಡಿಯಲು ಅವನಿಗೆ ಪರವಾನಗಿ ದೊರೆಯಲಿಲ್ಲವೆಂದೂ ಚಿತ್ರೇತಿಹಾಸಕಾರರು ಬರೆದಿದ್ದಾರೆ. 1957ರಲ್ಲಿ ಚಿತ್ರ ಬಂದಾಗ ಬಿರ್ಜೂ ಆಗಿದ್ದವರು ಸುನಿಲ್ ದತ್. ಅಲ್ಲಿ ಭಾರತೀಯನಾಗಿ, ಇಲ್ಲಿ ಅಮೆರಿಕದವನಾಗಿ ನಿಂತ ಸಾಬು ಒಂದೇ ಒಂದು ಭಾರತೀಯ ಚಿತ್ರದಲ್ಲಿಯೂ ನಟಿಸಲಿಲ್ಲ. ಈ ಸಂಗತಿಯನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಹೊರಗೆ ಹೋಗಿ ಬಂದೆನು.

1960ರಲ್ಲಿ ಹಾಲಿವುಡ್ಡಿನ ಕೀರ್ತಿಪಥದಲ್ಲಿ ಅವನ ಹೆಸರಿನ ನಕ್ಷತ್ರವನ್ನು ಕೂಡಿಸಿದರು. 1963ರ ಡಿಸೆಂಬರ್ 2ರಂದು ಲಾಸ್ ಏಂಜಲಿಸ್ ನಗರದಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡನು. ಇನ್ನೂ ಮೂವತ್ತೊಂಬತ್ತು ವರ್ಷ. ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ಮರುವರ್ಷ ಬಿಡುಗಡೆಯಾಯಿತು.

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಆನೆ ಶಿಬಿರದಲ್ಲಿ ಕಾವಾಡಿಯಾಗಿದ್ದು ಈಗ ಮಾವುತರಾಗಿರುವ ನನ್ನ ಸೋದರಮಾವನಿಗೆ ‘ಎಲಿಫೆಂಟ್ ಬಾಯ್’ ಚಿತ್ರವನ್ನು ನನ್ನ ಮೊಬೈಲಿನಲ್ಲಿ ತೋರಿಸಿದೆನು. ಇಂಗ್ಲಿಷಿನ ಮಾತು ಅವರಿಗೆ ಬೇಕಾಗಿರಲಿಲ್ಲ. ಸಾಬು ಆನೆಯ ಕತ್ತಿನ ಮೇಲೆ ಕುಳಿತ ಕಡೆ, “ನಿಲ್ಸ್ಲಾ ಇಲ್ಲಿ” ಎಂದರು. ನಿಲ್ಲಿಸಿದೆನು. ಕಿವಿಯ ಹಿಂದೆ ಒತ್ತಿ ಹಿಡಿದ ಆ ಪುಟ್ಟ ಪಾದಗಳನ್ನು ಬಹಳ ಹೊತ್ತು ನೋಡಿದರು.

“ಯಾರೂ ಹೇಳ್ಕೊಟ್ಟ ಕಾಲಲ್ಲ ಇದು, ಹುಟ್ಟಿನಿಂದ ಬಂದಿರೋ ಕಾಲು. ಯಾರ ಮಗನ್ಲಾ ಇವ್ನು?”

“ಕಾರಾಪುರದವನು, ಮಾವ.”

“ಅದೇ ಮತ್ತೆ!” ಎಂದು ಎದ್ದು, ಆನೆಗೆ ಕುಸುರೆ ಕಟ್ಟಲು ಹೊರಟರು.